ಮೌನದ ದಿನ ನಾನು ಹೊಡೆದ ಚಪ್ಪಾಳೆ

ಆನೆ ಬರಬಹುದಿತ್ತು. ನಮ್ಮ ಕಡೆ ಯಾವ ಭಯದ ಪಟ್ಟಿಯೂ ಅಲ್ಲಿಂದಲೇ ಶುರುವಾಗುವುದು. ಶಾಲೆಯ ಬಸ್ಸು ದೋಣಿಗಲ್ ಇಳಿಜಾರಿನಲ್ಲಿ ಬ್ರೇಕ್ ಕಳೆದುಕೊಳ್ಳಬಹುದಿತ್ತು. ಬಸ್ಸಿನ ಬ್ರೇಕ್ ಸರಿಯಿದ್ದು ಎದುರಿಗೆ ಬರುವ ಟ್ಯಾಂಕರಿನದು ಕೆಟ್ಟಿರಬಹುದಿತ್ತು. ಒಣಗಿದ ಸಿಲ್ವರ್ ಓಕ್ ಕೊಂಬೆ ಗಾಳಿಯಿಲ್ಲದೆಯೂ ಬೀಳುತ್ತದೆ, ಬೀಳುವ ಮುಂಚೆ ಕೆಳಗೆ ಯಾರ ಮಗಳು ಕೂತಿದ್ದಾಳೆ ಎಂದು ನೋಡುವುದಿಲ್ಲ. ಕಾಳಿಂಗ ಸರ್ಪ. ಹೆಜ್ಜೇನು. ಹಂದಿಗೆಂದು ಯಾರೋ ಇಟ್ಟು ಮರೆತ ಉರುಳು. ಮೊಸರನ್ನ ಹುಳಿ ಬಂದು ಹೊಟ್ಟೆ ಹಿಡಿದುಕೊಂಡರೆ ಮಗಳು ಯಾರಿಗೂ ಹೇಳುವಂತೆಯೂ ಇಲ್ಲ, ಏಕೆಂದರೆ ಅವತ್ತು ಶಾಲೆಯ ಮೌನದ ದಿನ. ಕಾಡಿನ ನಡುವೆ ಒಬ್ಬಳೇ ಕೂತು ತನ್ನ ಬದುಕಿನ ಬಗ್ಗೆ ಯೋಚಿಸಿ, ಇಂಥ ಅಪ್ಪ ತನಗೆ ಯಾಕೆ ಸಿಕ್ಕಿದ ಎಂಬ ಪ್ರಶ್ನೆಗೆ ಬಂದು ನಿಲ್ಲಬಹುದಿತ್ತು. ನನ್ನ ಅಮ್ಮನ ಲೆಕ್ಕದಲ್ಲಿ ಇವು ಯಾವುವೂ ದೊಡ್ಡವಲ್ಲ. ಮೊಮ್ಮಗಳು ಸಂಜೆ ಕೊರಳಲ್ಲಿ ಶಿಲುಬೆ ಹಾಕಿಕೊಂಡು ಬರುತ್ತಾಳೆ ಎಂಬುದೊಂದೇ ಅವಳ ಭಯ.

ಇದನ್ನೆಲ್ಲ ನಾನು ಹಿಂದಿನ ಸಂಜೆ ಕಾಫಿ ಕುಡಿಯುತ್ತ ಹೆಂಡತಿಗೆ ಒಂದೊಂದಾಗಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇಷ್ಟೆಲ್ಲ ಆಗೋಕೆ ಒಂದ್ ದಿನ ಸಾಲಲ್ಲ ಕಣ್ರೀ," ಅಂದಳು. "ಎರಡ್ ದಿನದ ಕ್ಯಾಂಪ್ ಮಾಡಿ ಅಂತ ಸಿಸ್ಟರ್‌ಗೆ ಹೇಳಿ."

ಮಗ್ಗೆಯ ಹತ್ತಿರ ನಮಗೆ ಸ್ವಲ್ಪ ಕಾಫಿ ತೋಟ, ಅದರ ಕೆಳಗೆ ಸ್ವಲ್ಪ ಗದ್ದೆ. ನಮ್ಮ ಕಡೆಯ ಗಂಡಸರು ಆನೆಯ ಬಗ್ಗೆ ಮಾತಾಡುವುದನ್ನು ಕೇಳಬೇಕು: ಹೇಳದೆ ಕೇಳದೆ ಬಂದು ಹದಿನೈದು ದಿನ ಉಳಿಯುವ ನೆಂಟರ ಬಗ್ಗೆ ಮಾತಾಡಿದ ಹಾಗೆ, ಬೇಸರ ಇದ್ದರೂ ಒಂದು ಸಲಿಗೆ ಇರುತ್ತದೆ. ನನಗೆ ಆ ಸಲಿಗೆ ಬರಲಿಲ್ಲ. ಐವತ್ತರ ಹತ್ತಿರ ಬಂದೆ, ಇನ್ನು ಬರುವ ಲಕ್ಷಣವೂ ಇಲ್ಲ. ಕಾಫಿ ಹೂವಿನ ಮಳೆ ಸಮಯಕ್ಕೆ ಬಂದರೂ ಇದು ಯಾಕೆ ಸಮಯಕ್ಕೆ ಬಂತು ಎಂದು ಹೆದರುವ ಮನುಷ್ಯ ನಾನು.

ಮಗಳು ಸಕಲೇಶಪುರದ ಒಂದು ಕಾನ್ವೆಂಟಿನಲ್ಲಿ ಒಂಬತ್ತನೇ ಕ್ಲಾಸು. ಅಲ್ಲಿ ವಾರಕ್ಕೊಂದು ಪೀರಿಯಡ್ ಮೌಲ್ಯ ಶಿಕ್ಷಣ. ಆ ಹೊತ್ತಿಗೆ ಕ್ರೈಸ್ತ ಮಕ್ಕಳು ಚಾಪೆಲಿಗೆ ಧರ್ಮೋಪದೇಶಕ್ಕೆ ಹೋಗುತ್ತಾರೆ, ಉಳಿದವರು ಲೈಬ್ರರಿಯಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮುಂದೆ ಕೂರುತ್ತಾರೆ. ಸಿಸ್ಟರ್ ಕರಾವಳಿಯವರು, ಕುಳ್ಳಗೆ ಗಟ್ಟಿಮುಟ್ಟು, ಕನ್ನಡಕದ ಮೇಲಿನಿಂದ ನೋಡುವವರು. ಅವರು ಉಪದೇಶ ಮಾಡುವುದು ಕಡಿಮೆ, ಮನೆಗೆಲಸ ಕೊಡುವುದು ಜಾಸ್ತಿ. ಆ ಮನೆಗೆಲಸದಿಂದ ನಮ್ಮ ಮನೆಯಲ್ಲಿ ಆದ ಗಲಾಟೆಗಳು ಅವರಿಗೆ ಗೊತ್ತಿಲ್ಲ.

ಒಂದು ವಾರ, ಯಾರಿಗೂ ಗೊತ್ತಾಗದ ಹಾಗೆ ಒಂದು ಒಳ್ಳೆಯ ಕೆಲಸ ಮಾಡಬೇಕು, ಮಾಡಿದ್ದನ್ನು ಹೇಳಬಾರದು ಎಂದು ಕೊಟ್ಟಿದ್ದರು. ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಕೆಸರು ಗಂಬೂಟು ಕನ್ನಡಿಯ ಹಾಗೆ ಹೊಳೆಯುತ್ತಿದೆ. ಯಾರೋ ನನ್ನ ಬೂಟು ಹಾಕಿಕೊಂಡು ತೋಟಕ್ಕೆ ನುಗ್ಗಿ, ಮೆಣಸು ಕದ್ದು, ಗುರುತು ಸಿಗದಿರಲೆಂದು ತೊಳೆದಿಟ್ಟು ಹೋಗಿದ್ದಾರೆ ಎಂದು ತೀರ್ಮಾನಿಸಿದೆ. ಆ ವಾರವೆಲ್ಲ ಮೆಣಸಿನ ಬಳ್ಳಿಗಳ ಬುಡದಲ್ಲಿ ಹೆಜ್ಜೆ ಗುರುತು ಹುಡುಕುತ್ತ ತಿರುಗಿದೆ. ಮಗಳು ತುಟಿ ಕಚ್ಚಿಕೊಂಡು ಓಡಾಡುತ್ತಿದ್ದಳು. ಇನ್ನೊಂದು ವಾರ ಕ್ಷಮೆ. ಮಗಳು ಅಜ್ಜಿಯ ಹತ್ತಿರ ಹೋಗಿ, ಹಬ್ಬದ ದಿನ ಎಡೆ ಇಡುವ ಮುಂಚೆಯೇ ಕಜ್ಜಾಯ ತಿಂದಿದ್ದಕ್ಕೆ ಕ್ಷಮೆ ಕೇಳಿದಳು. ಅಜ್ಜಿಗೆ ಆ ವಿಷಯ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಕ್ಷಮಿಸುವುದಿರಲಿ, ದೇವರಿಗೆ ತಪ್ಪು ಕಾಣಿಕೆ ಎತ್ತಿಟ್ಟು ಎರಡು ದಿನ ನನ್ನನ್ನು ಬೈದಳು.

ಮೌನದ ದಿನ ಮಾತ್ರ ಜಾತಿ ಧರ್ಮ ಇಲ್ಲದೆ ಒಂಬತ್ತನೇ ಕ್ಲಾಸಿನ ಎಲ್ಲರಿಗೂ ಒಟ್ಟಿಗೆ. ದಸರಾ ರಜೆ ಮುಗಿದ ಮೇಲೆ ಒಂದು ಶನಿವಾರ, ದೋಣಿಗಲ್‌ನಿಂದ ಒಳಗೆ ಹೋದರೆ ಸಿಗುವ ಹಳೇ ಎಸ್ಟೇಟ್ ಬಂಗಲೆಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಆ ಬಂಗಲೆ ಈಗ ಸಿಸ್ಟರ್‌ಗಳ ಧ್ಯಾನಕೇಂದ್ರ. ಬೆಳಿಗ್ಗೆ ಪ್ರಾರ್ಥನೆ ಆದಮೇಲೆ ಯಾರೂ ಬಾಯಿ ಬಿಡುವಂತಿಲ್ಲ. ಊಟಕ್ಕೆ ಮುಂಚೆ ಏಕಾಂತದ ಗಂಟೆ: ಬಂಗಲೆಯ ಎದುರಿನ ಗುಡ್ಡದ ಕಾಫಿ ತೋಟದಲ್ಲಿ ಒಬ್ಬೊಬ್ಬರೂ ಒಂದೊಂದು ಮರದಡಿ, ದೂರ ದೂರ, ಸುಮ್ಮನೆ ಕೂರಬೇಕು. ಬೇಡವೆಂದವರು ಬಂಗಲೆಯ ವರಾಂಡದಲ್ಲಿ ಕೂರಬಹುದು.

ನನ್ನ ಮಗಳು ವರಾಂಡದಲ್ಲೇ ಕೂರುತ್ತಾಳೆ ಎಂದು ನಾನು ನಂಬಿದ್ದೆ. ಅವಳಿಗೆ ಒಬ್ಬಳೇ ಇರಲು ಭಯ. ಬಚ್ಚಲಿಗೆ ಹೋದರೂ ಹೊರಗೆ ಅಜ್ಜಿ ನಿಂತು ಏನಾದರೂ ಮಾತಾಡುತ್ತಿರಬೇಕು. ಈ ಭಯ ಮಗುವಿಗೆ ಎಲ್ಲಿಂದ ಬಂತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ಎಲ್ಲರೂ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಆದರೆ ಅವಳು ಸ್ಕೂಲ್ ಬ್ಯಾಗು ಇಳಿಸಿ ಹೇಳಿದ್ದೇ ಬೇರೆ.

"ನಾನ್ ಕೂತ್ಕೋತೀನಿ ಅಪ್ಪ. ಒಬ್ಳೇ. ಪೂರ್ತಿ ಒಂದ್ ಗಂಟೆ."

"ವರಾಂಡದಲ್ಲೂ ಕೂತ್ಕೋಬಹುದಂತಲ್ಲ ಮಗ."

"ವರಾಂಡದಲ್ಲಿ ಎಲ್ರೂ ಇರ್ತಾರೆ. ನಂಗ್ ಆಗುತ್ತಾ ಇಲ್ವಾ ಅಂತ ನೋಡ್ಬೇಕು."

ಕಾವಲಿಗೆ ಒಬ್ಬರು ತಂದೆ ಬೇಕು ಎಂದು ಶಾಲೆಯ ಗ್ರೂಪಿನಲ್ಲಿ ಬಂದ ಮೆಸೇಜಿಗೆ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ನಾನು. ಮಗಳು ಅವತ್ತು ಊಟ ಬಿಟ್ಟಳು. "ಅಪ್ಪ, ನೀನ್ ಬಂದ್ರೆ ನಾನ್ ಒಬ್ಳೇ ಹೆಂಗಾಗ್ತೀನಿ?" ಎಂದು ಕೇಳಿದಳು. ನಾನು ರಸ್ತೆಯ ಟ್ಯಾಂಕರುಗಳ ಬಗ್ಗೆ ಮಾತಾಡಿದೆ.

ಶನಿವಾರ ಬೆಳಿಗ್ಗೆ ಸಿಸ್ಟರ್ ಬಂಗಲೆಯ ಬಾಗಿಲಲ್ಲಿ ಬಿದಿರ ಬುಟ್ಟಿ ಹಿಡಿದುಕೊಂಡು ನಿಂತಿದ್ದರು. ಫೋನುಗಳೆಲ್ಲ ಅದರೊಳಗೆ.

"ಸಿಸ್ಟರ್, ಆನೆ ಎಲ್ಲಿದೆ ಅಂತ ಫಾರೆಸ್ಟಿನವರ ಮೆಸೇಜು ಬರೋದು ಇದರಲ್ಲೇ," ಅಂದೆ.

"ನನ್ನ ಫೋನಿಗೂ ಬರುತ್ತದೆ ಮಾರಾಯ್ರೆ. ಅದು ನನ್ನ ಕಿಸೆಯಲ್ಲಿ ಉಂಟು. ನಿಮ್ಮದು ಬುಟ್ಟಿಗೆ ಹಾಕಿ." ಆಮೇಲೆ ಸ್ವಲ್ಪ ಮೆತ್ತಗಾಗಿ, "ವಿಚಾರಿಸಿ ಆಗಿದೆ. ಆನೆಗಳು ಹೊಳೆಯ ಆಚೆ ಉಂಟು. ಬಂದರೆ ಗಂಟೆ ಹೊಡೆಯುತ್ತೇನೆ, ಮಕ್ಕಳು ಒಳಗೆ ಬರುವುದು, ಬಾಗಿಲು ಹಾಕುವುದು. ನೀವೂ ಇವತ್ತು ಮಾತಾಡುವ ಹಾಗಿಲ್ಲ, ಗೊತ್ತುಂಟಲ್ಲ?"

ಪ್ರಾರ್ಥನೆಯಲ್ಲಿ ನಾನು ಅಮ್ಮನ ಪರವಾಗಿ ಕಿವಿ ನಿಮಿರಿಸಿ ಕೂತಿದ್ದೆ. ಸಿಸ್ಟರ್ ಹೇಳಿದ್ದು ಇಷ್ಟೇ: "ದೇವರ ಹೆಸರು ನಿಮ್ಮ ನಿಮ್ಮ ಮನೆಯಲ್ಲಿ ಕಲಿಸಿದ್ದು ಉಂಟಲ್ಲ, ಅದೇ ಸಾಕು. ಹೆಸರು ನಾನು ಕೊಡುವುದಿಲ್ಲ. ನಾನು ಕೂರಿಸುತ್ತೇನೆ, ಅಷ್ಟೆ." ಗಂಟೆ ಬಾರಿಸಿದರು. ಮಾತು ನಿಂತಿತು.

ಮೌನ ಎಂದರೆ ಶಾಂತಿ ಎಂದು ಭಾವಿಸುವವರು ಆನೆ ಇರುವ ಊರಿನವರಲ್ಲ. ನಮ್ಮಲ್ಲಿ ಮಗು ನಡೆಯಲು ಕಲಿತ ಕೂಡಲೇ ಕಲಿಸುವುದು ಸದ್ದು ಮಾಡುವುದನ್ನು. ತೋಟದಲ್ಲಿ ಹೋಗುವಾಗ ಕೆಮ್ಮಬೇಕು, ಮಾತಾಡಬೇಕು, ಜೊತೆಗೆ ಯಾರೂ ಇಲ್ಲದಿದ್ದರೆ ತನ್ನ ಜೊತೆ ತಾನೇ ಜಗಳ ಆಡಬೇಕು. ಸದ್ದು ಕೇಳಿದರೆ ಆನೆ ದೂರ ನಿಲ್ಲುತ್ತದೆ. ಸದ್ದಿಲ್ಲದೆ ಹೋಗಿ ಮುಖಾಮುಖಿಯಾದರೆ ಕತೆ ಮುಗಿಯಿತು. ಮಗಳಿಗೆ ಮೂರು ವರ್ಷವಿದ್ದಾಗಿನಿಂದ ನಾನು ಇದನ್ನೇ ಹೇಳಿಕೊಟ್ಟಿದ್ದೆ. ಈಗ ಅವಳ ಕ್ಲಾಸಿನ ಮಕ್ಕಳೆಲ್ಲ ಪಾದದ ಸದ್ದೂ ಬಾರದಂತೆ ಕಾಫಿ ಗಿಡಗಳ ನಡುವೆ ಗುಡ್ಡ ಹತ್ತುತ್ತಿದ್ದರು. ಅರಬಿಕಾ ಹಣ್ಣು ಅಲ್ಲಲ್ಲಿ ಕೆಂಪಾಗಿತ್ತು. ಬಿಸಿಲಿತ್ತು.

ನನ್ನ ಜಾಗ ಗುಡ್ಡದ ಬುಡದಲ್ಲಿ, ಕಾಲುದಾರಿ ತಿರುಗುವಲ್ಲಿ. ಅಲ್ಲಿಂದ ಮಗಳು ಕಾಣುತ್ತಿದ್ದಳು. ಇಷ್ಟೊಂದು ಮರಗಳಿರುವ ಗುಡ್ಡದಲ್ಲಿ ಅವಳು ಆರಿಸಿಕೊಂಡದ್ದು ಬೈನೆ ಮರ. ಆನೆಗೆ ಬೈನೆ ಎಂದರೆ ನಮಗೆ ಮಸಾಲೆ ದೋಸೆ ಇದ್ದ ಹಾಗೆ. ಬುಡಮೇಲು ಮಾಡಿ ಸೀಳಿ ಒಳಗಿನ ತಿರುಳು ತಿನ್ನುತ್ತದೆ. ಕೂಗಿ ಹೇಳುವ ಹಾಗಿಲ್ಲ. ವರಾಂಡಕ್ಕೆ ಓಡಿಹೋಗಿ ಸಿಸ್ಟರ್ ಮುಂದೆ ನಿಂತು, ಒಂದು ಕೈಯನ್ನು ಮೂಗಿಗೆ ಹಚ್ಚಿ ಸೊಂಡಿಲು ಮಾಡಿ, ಇನ್ನೊಂದು ಕೈಯಲ್ಲಿ ಮರ ತೋರಿಸಿದೆ. ಅವರು ಕನ್ನಡಕದ ಮೇಲಿನಿಂದ ಸೊಂಡಿಲನ್ನು ನೋಡಿದರು, ಮರವನ್ನು ನೋಡಿದರು, ತಮ್ಮ ಕಿಸೆಯ ಫೋನು ತೆಗೆದು ನೋಡಿದರು. ಏನೂ ಇಲ್ಲ ಎಂದು ತಲೆ ಆಡಿಸಿ, ಹೋಗಿ ಕೂರಿ ಎಂದು ಕೈ ಮಾಡಿದರು. ವರಾಂಡದಲ್ಲಿದ್ದ ಇಬ್ಬರು ಹುಡುಗಿಯರು ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ವಾಪಸು ಬಂದು ಕೂತೆ. ಮಗಳು ಅಲುಗಾಡದೆ ಕೂತಿದ್ದಳು. ಬೆನ್ನು ನೆಟ್ಟಗೆ, ಎರಡೂ ಕೈ ಮಂಡಿಯ ಮೇಲೆ. ಅವಳ ಮೇಲಿನ ಏರಿನಲ್ಲಿ ಎಲ್ಲೋ 'ಪಟ್' ಎಂದು ಕೊಂಬೆ ಮುರಿದ ಸದ್ದಾಯಿತು.

ಕೊಂಬೆಗಳು ದಿನಾ ಮುರಿಯುತ್ತವೆ. ಮಂಗ ಮುರಿಯುತ್ತದೆ, ಬಿಸಿಲು ಮುರಿಯುತ್ತದೆ. ನನ್ನ ಬುದ್ಧಿ ಹೀಗೆ ಹೇಳುತ್ತಿದ್ದಂತೆ ನನ್ನ ಗಂಟಲು ತಾನಾಗಿ ಒಂದು ಸಲ ಕೆಮ್ಮಿತು. ಕೆಮ್ಮು ಮಾತಲ್ಲವಲ್ಲ. ಆಮೇಲೆ ಕೈಗಳು ಎರಡು ಸಲ ಚಪ್ಪಾಳೆ ತಟ್ಟಿದವು, ಮೆಲ್ಲಗೆ ಅಂತಲೇ ನಾನಂದುಕೊಂಡಿದ್ದೆ. ಚಪ್ಪಾಳೆಯೂ ಮಾತಲ್ಲ. ಒಂದು ವೇಳೆ ಆನೆ ಇದ್ದರೆ ಇಲ್ಲಿ ಜನ ಇದ್ದಾರೆ ಎಂದು ಅದಕ್ಕೆ ಗೊತ್ತಾಗಲಿ, ಮಗಳಿಗೆ ಗೊತ್ತಾಗದಿರಲಿ ಎಂಬುದು ನನ್ನ ಲೆಕ್ಕ.

ಗೊತ್ತಾದದ್ದು ಗುಡ್ಡದ ಕೆಳಗಿನ ಹಳ್ಳದ ಆಚೆ ಕಳೆ ತೆಗೆಯುತ್ತಿದ್ದವರಿಗೆ. ನಮ್ಮ ಕಡೆ ಎರಡು ಚಪ್ಪಾಳೆ ಎಂದರೆ ಆನೆ. ಕೇಳಿಸಿಕೊಂಡವರು ಎಲ್ಲಿ, ಎಷ್ಟು ಎಂದು ಕೇಳುತ್ತ ಕೂರುವುದಿಲ್ಲ, 'ಹೋ...ಓ' ಎಂದು ಕೂಗಿ ಮುಂದಿನ ತೋಟಕ್ಕೆ ದಾಟಿಸಬೇಕು, ಅವರು ಅದರ ಮುಂದಿನವರಿಗೆ. ಮೊಬೈಲು ಬಂದಮೇಲೂ ಇದು ನಿಂತಿಲ್ಲ, ಏಕೆಂದರೆ ತೋಟದೊಳಗೆ ಸಿಗ್ನಲ್ ಇರುವುದಿಲ್ಲ, ಗಂಟಲು ಇರುತ್ತದೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಹೆದರಿದವನಿಗೆ ತಾನು ಮಾಡಿದ ಸದ್ದು ಸದ್ದೇ ಅಲ್ಲ.

ಹಳ್ಳದ ಆಚೆ ಒಂದು 'ಹೋ...ಓ' ಎದ್ದಿತು. ನಾನು ಎದ್ದು ನಿಂತೆ. ಅದರ ಮುಂದೆ ಇನ್ನೊಂದು, ದೂರ. ಆಮೇಲೆ ಇನ್ನೂ ದೂರ. ಹೋಯಿತು, ಆ ಕಡೆಯೇ ಇದೆ, ಸದ್ಯ ದೂರ ಹೋಗುತ್ತಿದೆ ಎಂದು ಉಸಿರು ಬಿಟ್ಟೆ. ಕೂಗು ಗುಡ್ಡದ ಬೆನ್ನ ಹಿಂದೆ ಸುತ್ತು ಹಾಕಿಕೊಂಡು, ತೋಟದಿಂದ ತೋಟಕ್ಕೆ ದಾಟಿ, ಸ್ವಲ್ಪ ಹೊತ್ತಿಗೆ ನೆತ್ತಿಯ ಮೇಲೆ, ಮಗಳು ಕೂತಿದ್ದ ಬೈನೆ ಮರಕ್ಕೆ ಸರಿಯಾಗಿ ಮೇಲಿನ ಏರಿನಲ್ಲಿ, ಗಂಟಲು ಹರಿಯುವ ಹಾಗೆ ಕೇಳಿಸಿತು.

ಆ ಗಳಿಗೆಯ ಭಯವನ್ನು ತಮಾಷೆ ಮಾಡಲು ಈಗಲೂ ನನಗೆ ಆಗುವುದಿಲ್ಲ. ಕಣ್ಣು ಕತ್ತಲೆ ಬಂತು. ಗಿಡಗಳ ನಡುವೆ ಬೂದು ಬಣ್ಣದ ಒಂದು ಬೆನ್ನು ಸರಿದದ್ದನ್ನು ನಾನು ನೋಡಿದೆ, ದೇವರಾಣೆ ನೋಡಿದೆ. ಅದು ಬಂಡೆ, ಬೆಳಿಗ್ಗೆಯಿಂದ ಅಲ್ಲೇ ಇತ್ತು.

"ಆನೆ! ಆನೆ ಬಂತು! ಎದ್ದು ಬಾರೇ!" ಎಂದು ಅರಚುತ್ತ ಮೇಲಕ್ಕೆ ಓಡಿದೆ.

ಬಂಗಲೆಯ ಗಂಟೆ ಹೊಡೆಯತೊಡಗಿತು. ಮಕ್ಕಳು ಎಲ್ಲ ಕಡೆಯಿಂದ ಎದ್ದರು, ಹೇಳಿಕೊಟ್ಟಂತೆ ಸಾಲಾಗಿ, ಜೋರಾಗಿ ಹೆಜ್ಜೆ ಹಾಕುತ್ತ ಕೆಳಗಿಳಿದರು. ಒಬ್ಬರ ಬಾಯಿಂದಲೂ ಒಂದು ಶಬ್ದ ಬರಲಿಲ್ಲ. ಆ ಗುಡ್ಡದಲ್ಲಿ ಬೊಬ್ಬೆ ಹೊಡೆಯುತ್ತಿದ್ದವನು ನಾನೊಬ್ಬನೇ. ಮಗಳ ಕೈ ಹಿಡಿದೆ. ಅವಳು ಬಿಡಿಸಿಕೊಂಡು ಸಾಲಿಗೆ ಸೇರಿಕೊಂಡಳು.

ಬಾಗಿಲು ಹಾಕಿಕೊಂಡು ಎಲ್ಲರೂ ಹಾಲಿನಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ನೋಡುವ ರೈಟರ್ ಕೈಯಲ್ಲಿ ಪಟಾಕಿ ಹಿಡಿದುಕೊಂಡು, ಇಬ್ಬರು ಆಳುಗಳ ಜೊತೆ ಏದುಸಿರು ಬಿಡುತ್ತ ಬಂದ. ಕಿಟಕಿಯಿಂದ ಇಣುಕಿದ.

"ಎಲ್ಲೈತೆ ಆನೆ?"

ಯಾರೂ ಮಾತಾಡಲಿಲ್ಲ.

"ಹಳ್ಳದೋರು ಇತ್ಲಾಗೈತೆ ಅಂತವ್ರೆ, ಏರಿನೋರು ಅತ್ಲಾಗೈತೆ ಅಂತವ್ರೆ. ನಾನು ಸುತ್ತ ಬಂದೆ, ಒಂದು ಲದ್ದೀನೂ ಇಲ್ಲ. ಯಾರ್ರೀ ಮೊದ್ಲು ನೋಡಿದ್ದು?"

ಹಾಲಿನ ತುಂಬ ಹುಡುಗಿಯರು ಅವನನ್ನೇ ನೋಡುತ್ತ ಕೂತಿದ್ದರು.

"ಇದೇನ್ ಮಾರಾಯ, ಇಷ್ಟ್ ಜನದಲ್ಲಿ ಒಬ್ಬರಿಗೂ ಬಾಯಿಲ್ವಾ?"

ಸಿಸ್ಟರ್ ಮೌನ ಮುರಿಯಬೇಕಾಯಿತು. "ಮೊದಲು ಚಪ್ಪಾಳೆ ಹೊಡೆದದ್ದು ಯಾರು?" ಎಂದು ಅವರು ಕೇಳಿದ್ದು ರೈಟರನ್ನು, ಆದರೆ ನೋಡಿದ್ದು ನನ್ನನ್ನು. ಕ್ಲಾಸಿನಲ್ಲಿ ಕೂತ ಹುಡುಗನ ಹಾಗೆ ನಾನು ಕೈ ಎತ್ತಿದೆ.

ರೈಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವು ಹೊಡ್ದಿದ್ದು ನಿಮಗೇ ಸುತ್ಕೊಂಡ್ ಬಂತಾ?" ಅಂದ. "ನಲವತ್ತು ವರ್ಷ ತೋಟದಾಗೆ ಇದೀನಿ, ಇಂತಾದ್ದು ನೋಡಿರ್ಲಿಲ್ಲ ಬುಡಿ."

ಆಗ ಹುಡುಗಿಯರು ನಕ್ಕರು. ಸದ್ದಿಲ್ಲದೆ, ಹೆಗಲು ಕುಲುಕುತ್ತ, ಕಣ್ಣಲ್ಲಿ ನೀರು ಬರುವ ಹಾಗೆ. ನನ್ನ ಮಗಳು ನಗಲಿಲ್ಲ. ನೆಲ ನೋಡುತ್ತಿದ್ದಳು. ಅವಳ ಗಂಟೆ ಅರ್ಧಕ್ಕೇ ಮುರಿದಿತ್ತು. ಅದನ್ನು ಮುರಿದದ್ದು ಆನೆಯಲ್ಲ ಎಂದು ಆ ಹಾಲಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

"ಊಟ ತಯಾರುಂಟು," ಅಂದರು ಸಿಸ್ಟರ್. "ಹಸಿವಾದವರು ಊಟಕ್ಕೆ ಹೋಗಿ. ಮೊದಲಿಂದ ಕೂರುತ್ತೇನೆ ಅನ್ನುವವರು ಇದ್ದರೆ ಕೂರಬಹುದು. ಇವರು ಏರಿನ ಮೇಲೆ ನಿಂತಿರುತ್ತಾರೆ." ರೈಟರ್ ಆಳುಗಳಿಗೆ ಸನ್ನೆ ಮಾಡಿದ.

ಎಲ್ಲರೂ ತಟ್ಟೆಯ ಕಡೆ ಹೋದರು. ನನ್ನ ಮಗಳೊಬ್ಬಳು ಎದ್ದು ಬಾಗಿಲ ಕಡೆ ನಡೆದಳು. ನನ್ನ ಪಕ್ಕದಲ್ಲೇ ಹಾದುಹೋದಳು, ನೋಡಲಿಲ್ಲ. ಬೈನೆ ಮರದ ತನಕ ಹತ್ತಿ, ಅಲ್ಲಿ ಕೂರದೆ, ಮರವನ್ನು ದಾಟಿ ಗುಡ್ಡ ಆ ಕಡೆಗೆ ಇಳಿಯುವಲ್ಲಿ ಮರೆಯಾದಳು. ನನಗೆ ಕಾಣದ ಜಾಗವನ್ನು ಹುಡುಕಿಕೊಂಡೇ ಹೋದದ್ದು.

ನಾನು ಮೆಟ್ಟಿಲಿಳಿದೆ. ಸಿಸ್ಟರ್ ಒಂದು ಕುರ್ಚಿ ತಂದು ಅಂಗಳದಲ್ಲಿ, ನನ್ನ ದಾರಿಗೆ ಅಡ್ಡವಾಗಿ ಇಟ್ಟರು.

"ಕೂರಿ."

"ಸಿಸ್ಟರ್, ಅವಳು ಕಾಣ್ತಿಲ್ಲ."

"ಕಾಣುವುದಿಲ್ಲ. ನೀವೂ ಕೂರಿ, ಅವಳು ಬರುವ ತನಕ. ಕೈ ಮಾತ್ರ ಮಡಿಲಲ್ಲಿ ಇಟ್ಟುಕೊಳ್ಳಿ ಮಾರಾಯ್ರೆ."

ಕೈ ಮಡಿಲಲ್ಲಿ ಇಟ್ಟುಕೊಂಡು ಕೂತೆ. ದೇವರ ಹೆಸರು ಹೇಳೋಣವೆಂದು ಶುರು ಮಾಡಿದೆ. ಮನೆದೇವರ ಹೆಸರಿನಿಂದ ಹೊರಟು ಮಧ್ಯದಲ್ಲಿ ಎಲ್ಲಿ ತಪ್ಪಿದೆನೋ, ಹಾವಿಗೆ ಯಾವ ಆಸ್ಪತ್ರೆಯಲ್ಲಿ ಔಷಧಿ ಸಿಗುತ್ತದೆ ಎಂಬಲ್ಲಿಗೆ ಬಂದಿದ್ದೆ. ಮತ್ತೆ ಮೊದಲಿನಿಂದ ಹಿಡಿದೆ. ಒಳಗೆ ತಟ್ಟೆ ಲೋಟಗಳ ಸದ್ದು. ಗುಡ್ಡದಲ್ಲಿ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ನಾನು ಕೇಳುತ್ತ ಕೂತೆ. ಮತ್ತೊಂದು ಕೊಂಬೆ ಮುರಿಯಿತು. ಕೆಮ್ಮು ಗಂಟಲ ತನಕ ಬಂತು, ನುಂಗಿದೆ. ಅವಳು ಹೆದರಿ ಅಲ್ಲಿ ಅಳುತ್ತಿದ್ದರೆ ಎಂದು ಹೆದರಿದೆ. ಹೆದರದೆ ಕೂತಿದ್ದರೆ ಎಂದು ಯೋಚಿಸಿದೆ, ಯಾಕೋ ಅದಕ್ಕೂ ಹೆದರಿಕೆಯಾಯಿತು.

ಗಂಟೆ ಹೊಡೆದರು. ಬೈನೆ ಮರದ ಹತ್ತಿರ ಮೊದಲು ಅವಳ ತಲೆ ಕಂಡಿತು, ಆಮೇಲೆ ಪೂರ್ತಿ ಅವಳು. ನಿಧಾನವಾಗಿ ಇಳಿದು ಬಂದಳು. ಕೆನ್ನೆಯ ಮೇಲೆ ಅತ್ತ ಗುರುತಿತ್ತು, ಒಣಗಿತ್ತು. ಸಿಸ್ಟರ್ ಅವಳ ತಲೆ ಮೇಲೆ ಕೈ ಇಟ್ಟು ಊಟಕ್ಕೆ ಕಳಿಸಿದರು. ಅವಳು ಮೂರು ಸಲ ಅನ್ನ ಹಾಕಿಸಿಕೊಂಡು ತಿಂದಳು.

ಸಂಜೆ ಶಾಲೆಯ ಹತ್ತಿರ ಬಸ್ಸಿಳಿದು ಮನೆಗೆ ಬರುವಾಗ ನಮ್ಮ ಪಿಕಪ್ಪಿನಲ್ಲಿ ನಾವಿಬ್ಬರೇ. ಮಾತಾಡುವಳೋ ಇಲ್ಲವೋ ಎಂದು ಹೆದರುತ್ತಲೇ ಗಾಡಿ ಓಡಿಸುತ್ತಿದ್ದೆ. ಹೇಮಾವತಿ ಸೇತುವೆ ದಾಟಿದ ಮೇಲೆ ಅವಳ ಕಾಲಿನ ಕಡೆ ಕಣ್ಣು ಹೋಯಿತು. ಬಿಳೀ ಕಾಲ್ಚೀಲದ ಮೇಲೆ ಅಂಗೈಯಗಲ ರಕ್ತ.

ಗಾಡಿ ಗಕ್ಕನೆ ನಿಂತಿತು. "ಏನೇ ಅದು!"

"ಇಂಬಳ ಅಪ್ಪ. ಹುಲ್ಲಿಂದ ಹತ್ತಿ ರಕ್ತ ಕುಡೀತಿತ್ತು."

"ಕಿತ್ತು ಬಿಸಾಕೋದಲ್ವೇನೇ!"

"ಅದೂ ಸುಮ್ನೆ ಕೂತಿತ್ತು, ನಾನೂ ಸುಮ್ನೆ ಕೂತಿದ್ದೆ," ಅಂದಳು. "ಹೊಟ್ಟೆ ತುಂಬಿದ್ಮೇಲೆ ಅದೇ ಉದುರ್ಕೊಂಡ್ ಹೋಯ್ತು."

ಹಿಂದೆ ಲಾರಿಯವನು ಹಾರ್ನ್ ಹೊಡೆದ. ಗಾಡಿ ಮುಂದೆ ಬಿಟ್ಟೆ. ಸ್ವಲ್ಪ ದೂರ ಹೋದ ಮೇಲೆ ಕೇಳಿದೆ, "ಹೆದರಿಕೆ ಆಗ್ಲಿಲ್ವಾ?"

"ಆಯ್ತು." ಕಿಟಕಿಯ ಹೊರಗೆ ನೋಡಿದಳು. "ಶುರುನಲ್ಲೂ ಆಯ್ತು, ಆಮೇಲೂ ಆಯ್ತು. ಕೂತೇ ಇದ್ದೆ."

ಮನೆಯಲ್ಲಿ ಅಮ್ಮ ಮೊದಲು ನೋಡಿದ್ದು ಕೊರಳು. ಹೆಂಡತಿ ನೋಡಿದ್ದು ಕಾಲು. "ಹೊಸಾ ಜೊತೆ ಕಣೇ, ಸೋಮವಾರ ಏನ್ ಹಾಕ್ಕೊಂಡ್ ಹೋಗ್ತೀಯ?" ಎಂದು ಬೈಯುತ್ತ ಕಾಲ್ಚೀಲವನ್ನು ಉಪ್ಪುನೀರಿನಲ್ಲಿ ನೆನೆಹಾಕಿದಳು. ಆಮೇಲೆ ಸೋಪು, ಆಮೇಲೆ ನಿಂಬೆಹಣ್ಣು. ಕಲೆ ಹೋಗಲಿಲ್ಲ.